ಅಜ್ಜನ ಹೆಸರಿನ ಎರಡು ಗುಂಡು

ನಮ್ಮ ಠಾಣೆಯ ಸಬ್ ಇನ್ಸ್‌ಪೆಕ್ಟರ್ ಸಾಹೇಬರ ಕೆಮ್ಮನ್ನು ನಾನು ಅವರಿಗಿಂತ ಚೆನ್ನಾಗಿ ಕೆಮ್ಮುತ್ತಿದ್ದೆ. ಮೊದಲು ಒಂದು ಸಣ್ಣದು, ತಮ್ಮ ಗಂಟಲು ಸರಿಮಾಡಿಕೊಳ್ಳಲು. ಆಮೇಲೆ ಒಂದು ದೊಡ್ಡದು, ಎದುರಿಗೆ ನಿಂತವನನ್ನು ಸರಿಮಾಡಲು. ಮದುವೆ ಮನೆಗಳಲ್ಲಿ ಊಟದ ನಂತರ ನನ್ನನ್ನು ಕುರ್ಚಿಯ ಮೇಲೆ ಹತ್ತಿಸುತ್ತಿದ್ದರು. ಸಿದ್ದಾಪುರದ ಬಸ್ಸಿನ ಕಂಡಕ್ಟರು, ಲೈನ್ ಮನೆಯ ಮುಂದೆ ನಿಂತು ಆಳುಗಳನ್ನು ಎಬ್ಬಿಸುವ ಎಸ್ಟೇಟ್ ರೈಟರು, ಬಾಯಿ ತುಂಬ ಎಲೆಅಡಿಕೆ ಇಟ್ಟುಕೊಂಡು ಬೈಯುವ ನಮ್ಮ ಅಜ್ಜ, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆಗೆ ಇದ್ದರು. ಕೊನೆಯ ಐಟಂ ನಾನೇ. ಹುಡುಗಿಯೊಬ್ಬಳು ಎದುರಿಗೆ ಬಂದರೆ ನಾನು ಹೇಗೆ ತೊದಲುತ್ತೇನೆ ಅನ್ನುವುದನ್ನು ಮಾಡಿ ತೋರಿಸುತ್ತಿದ್ದೆ. ಅದಕ್ಕೇ ಹೆಚ್ಚು ಚಪ್ಪಾಳೆ ಬೀಳುತ್ತಿದ್ದದ್ದು. ಉಳಿದ ದಿನಗಳಲ್ಲಿ ತೋಟಗಳಿಗೆ ಗೊಬ್ಬರ ಹೊರುವ ಪಿಕಪ್ ಓಡಿಸುತ್ತೇನೆ. ಆ ಕೆಲಸಕ್ಕೆ ಇದುವರೆಗೆ ಯಾರೂ ಚಪ್ಪಾಳೆ ತಟ್ಟಿಲ್ಲ.

ಕೋವಿಯ ಸದ್ದು ಮಾತ್ರ ನಾನು ಕಲಿತದ್ದಲ್ಲ. ಇಲ್ಲಿ ಹುಟ್ಟಿದವರ ಕಿವಿಯಲ್ಲಿ ಅದು ಮೊದಲೇ ಇರುತ್ತದೆ. ಗಂಡು ಮಗು ಹುಟ್ಟಿದರೆ ಒಂದು ಗುಂಡು. ಮನೆಯಲ್ಲಿ ಸಾವಾದರೆ ಒಂದರ ಬೆನ್ನಿಗೆ ಒಂದು, ಎರಡು ಗುಂಡು. ತೋಟದಲ್ಲಿ ಕೆಲಸ ಮಾಡುತ್ತಿದ್ದವರು ಎರಡನೆಯದಕ್ಕಾಗಿ ಉಸಿರು ಹಿಡಿದು ನಿಲ್ಲುತ್ತಾರೆ. ಅದು ಬಂದರೆ ಕತ್ತಿ ಕೆಳಗಿಟ್ಟು, ಸದ್ದು ಬಂದ ದಿಕ್ಕಿಗೆ ಹೊರಡುತ್ತಾರೆ. ಈಗ ವಾಟ್ಸಾಪ್ ಇದೆ, ನಿಜ. ಆದರೆ ವಾಟ್ಸಾಪ್ ನೋಡಿ ಯಾರೂ ಕತ್ತಿ ಕೆಳಗಿಡುವುದಿಲ್ಲ.

ಅದು ಚುನಾವಣೆಯ ಸಮಯ. ಊರಿನ ಕೋವಿಗಳನ್ನೆಲ್ಲ ಠಾಣೆಯಲ್ಲಿ ಇಟ್ಟು ಬರಬೇಕು ಅಂತ ಆದೇಶವಾಗಿತ್ತು. ನಮ್ಮ ಮನೆಯ ಒಂಟಿ ನಳಿಗೆಯ ಹಳೇ ಕೋವಿಯನ್ನು ಚಿಕ್ಕಪ್ಪ ಸೋಪು ಹಾಕಿ ಒಗೆದ ಪಂಚೆಯಲ್ಲಿ ಸುತ್ತಿ ಕೊಟ್ಟು ಬಂದಿದ್ದರು. ಚಿಕ್ಕಪ್ಪ ಅಂದರೆ ಹಾಗೆ. ಬಸ್ ಕಂಡಕ್ಟರಿಗೂ ಸಾರ್, ಕರೆಂಟು ಬಿಲ್ಲು ಬರೆಯುವ ಹುಡುಗನಿಗೂ ಸಾರ್. ಒಮ್ಮೆ ತೋಟದಲ್ಲಿ ಕಾಡಾನೆ ಎದುರಾದಾಗ ಅದಕ್ಕೂ ಸಾರ್ ಅಂದಿದ್ದರು ಅಂತ ನಾನು ಕುರ್ಚಿ ಹತ್ತಿದಾಗಲೆಲ್ಲ ಹೇಳುತ್ತಿದ್ದೆ. ಅವರು ಮುಂದಿನ ಸಾಲಲ್ಲೇ ಕೂತು ನಗುತ್ತಿದ್ದರು.

ಅಜ್ಜ ಹೋದದ್ದು ಬೆಳಕು ಹರಿಯುವ ಹೊತ್ತಿಗೆ. ವಯಸ್ಸಾಗಿತ್ತು, ನೋವಿಲ್ಲದೆ ಹೋದರು. ಅಜ್ಜಿ ಅವರ ಗಲ್ಲ ಕಟ್ಟಿ, ಕಾಲು ಜೋಡಿಸಿ, ಹೊರಗೆ ಬಂದು ಚಿಕ್ಕಪ್ಪನ ಮುಖ ನೋಡಿದರು.

"ಗುಂಡು?" ಅಂದರು.

"ಕೋವಿ ಸ್ಟೇಷನ್ನಿಲಿ ಉಟ್ಟಲ್ಲ ಅವ್ವ."

"ಹಂಗಾರೆ ಸುಮ್ನೆ ಹೋಗೊಕಾ ಅವು?"

ಅಜ್ಜ ಸದ್ದಿಲ್ಲದೆ ಹೋಗಬೇಕಾ ಅಂತ ಅವರು ಕೇಳಿದ್ದು ಚಿಕ್ಕಪ್ಪನನ್ನೇ. ನನ್ನ ಅಪ್ಪ ನಾನು ಸಣ್ಣವನಿರುವಾಗಲೇ ತೀರಿಕೊಂಡವರು. ಅಜ್ಜನಿಗೆ ಉಳಿದ ಮಗ ಇವರೊಬ್ಬರೇ. ಸ್ವಲ್ಪ ಹೊತ್ತು ಅಂಗಳದಲ್ಲಿ ಅತ್ತಿಂದಿತ್ತ ನಡೆದರು. ಆಮೇಲೆ ಉಗ್ರಾಣಕ್ಕೆ ಹೋಗಿ, ಆನೆ ಓಡಿಸಲು ತಂದಿಟ್ಟಿದ್ದ ದಪ್ಪ ಪಟಾಕಿ ಎರಡು ತಂದರು. ಒಂದು ಸಿಡಿಯುತ್ತಿದ್ದ ಹಾಗೇ ಇನ್ನೊಂದು ಸಿಡಿಯುವಂತೆ ಹಚ್ಚಿದರು. ಅಂಗಳ ನಡುಗಿತು. ಒಳಗಿನಿಂದ ಅಜ್ಜಿಯ ಅಳು ಕೇಳಿದ್ದು ಆಗಲೇ. ಅಷ್ಟರವರೆಗೆ ಅಳುವುದಕ್ಕೆ ಅಪ್ಪಣೆ ಸಿಕ್ಕಿರಲಿಲ್ಲ ಅನ್ನುವ ಹಾಗೆ.

ಜನ ಬಂದರು. ಮೊದಲು ಬಂದವರು ಪಕ್ಕದ ತೋಟದ ಸುಬೇದಾರ್ ಮಾವ. ಕೊಡವರು, ಸೈನ್ಯದಿಂದ ನಿವೃತ್ತರಾದವರು. ಸಂಬಂಧವಿಲ್ಲದಿದ್ದರೂ ನನಗೆ ಹುಟ್ಟಿದಾಗಿನಿಂದ ಮಾವ. ಚಿಕ್ಕಪ್ಪನ ಹೆಗಲು ಹಿಡಿದು, "ಒಳ್ಳೆ ಗುಂಡು. ಎರಡೂ ಕ್ಲೀನ್," ಅಂದರು. ಅವರ ಹಿಂದೆ ಬಂದವರೂ ಅದನ್ನೇ ಹೇಳಿದರು. ಎರಡೂ ಚೆನ್ನಾಗಿ ಕೇಳಿತು, ಹೊಳೆಯ ಆಚೆಗೂ ಕೇಳಿತಂತೆ. ಚಿಕ್ಕಪ್ಪ ತಲೆ ತಗ್ಗಿಸಿ ಹೂಂ ಹೂಂ ಅನ್ನುತ್ತಿದ್ದರು. ಕಾಲ ಕೆಳಗೆ ಕೆಂಪು ಕಾಗದದ ಚೂರು ಬಿದ್ದಿತ್ತು. ಅದನ್ನು ಎಲ್ಲರೂ ತುಳಿದುಕೊಂಡೇ ಒಳಗೆ ಹೋದರು, ಒಬ್ಬರೂ ನೋಡಲಿಲ್ಲ. ನೋಡಬಾರದು ಅಂತ ನೋಡಲಿಲ್ಲ.

ಜೀಪು ಬಂದಾಗ ಅದೂ ಸಾವಿಗೇ ಬಂದದ್ದು ಅಂದುಕೊಂಡೆವು. ಚಿಕ್ಕಮ್ಮ ಸಾಹೇಬರಿಗೆ ಕುರ್ಚಿ ತರಲು ಹೋದರು. ಸಬ್ ಇನ್ಸ್‌ಪೆಕ್ಟರು ಬಯಲುಸೀಮೆಯವರು, ಬಂದು ಹೆಚ್ಚು ಸಮಯವಾಗಿರಲಿಲ್ಲ. ಜೊತೆಗಿದ್ದ ದಫೇದಾರರು ಶನಿವಾರಸಂತೆ ಕಡೆಯವರು. ಸಾಹೇಬರು ಚಪ್ಪರದ ಕೆಳಗೆ ನಿಂತು ಕೆಮ್ಮಿದರು. ಸಣ್ಣದು, ದೊಡ್ಡದು. ನನ್ನ ಪಕ್ಕದಲ್ಲಿದ್ದ ಗೆಳೆಯ ನನ್ನ ಪಕ್ಕೆ ತಿವಿದ. ಸಾವಿನ ಮನೆಯಲ್ಲಿ ನಗಬಾರದು ಅಂತ ನಾನು ತುಟಿ ಕಚ್ಚಿಕೊಂಡೆ. ನಗು ಬಂದದ್ದು ಅದೇ ಕೊನೆ.

"ಬೆಳಗ್ಗೆ ಇಲ್ಲಿ ಫೈರ್ ಮಾಡಿದ್ದು ಯಾರು?"

ಅಂಗಳದ ಜನರೆಲ್ಲ ಚಿಕ್ಕಪ್ಪನ ಕಡೆ ತಿರುಗಿದರು. ಹೆಮ್ಮೆಯಿಂದ ತಿರುಗಿದರು.

"ನಾನೇ ಸಾರ್," ಅಂದರು ಚಿಕ್ಕಪ್ಪ. "ಮಗ ನಾನೇ ಅಲ್ವಾ ಸಾರ್."

"ಎಷ್ಟು?"

"ಎರಡು ಸಾರ್. ಸಾವಿಗೆ ಎರಡೇ."

ಸಾಹೇಬರು ದಫೇದಾರರ ಮುಖ ನೋಡಿದರು. ದಫೇದಾರರು ನೆಲ ನೋಡಿದರು. ಆಗ ಸುಬೇದಾರ್ ಮಾವ ಮುಂದೆ ಬಂದರು. ಗೆಳೆಯನ ಸಾವಿನ ದಿನ ಗೆಳೆಯನ ಮನೆಯ ಮರ್ಯಾದೆ ಹೆಚ್ಚಿಸುವುದು ತಮ್ಮ ಕರ್ತವ್ಯ ಅಂತ ಅವರಿಗೆ ಅನಿಸಿತು.

"ಒಂದು ಮಾತು ಹೇಳ್ತೇನೆ ಇನ್ಸ್‌ಪೆಕ್ಟ್ರೇ. ನಾನು ಸೈನ್ಯದಲ್ಲಿ ಇದ್ದವ. ಇಂಥ ಎರಡು ಗುಂಡು ಈಚೆಗೆ ಕೇಳ್ಲಿಲ್ಲ. ಢಂ, ಢಂ. ಮಧ್ಯೆ ಉಸಿರು ತೆಗೆಯುವಷ್ಟೂ ಬಿಡ್ಲಿಲ್ಲ. ಅದಕ್ಕೆ ಡಬಲ್ ಬ್ಯಾರೆಲ್ಲೇ ಆಗಬೇಕು, ಕೈಯೂ ಹಾಗೇ ಇರಬೇಕು."

"ಡಬಲ್ ಬ್ಯಾರೆಲ್ಲಾ?" ಅಂದರು ಸಾಹೇಬರು, ತುಂಬ ಮೆತ್ತಗೆ. "ಇವರು ಠಾಣೇಲಿ ಇಟ್ಟಿರೋದು ಒಂಟಿ ನಳಿಗೇದಲ್ವಾ?"

ಒಂಟಿ ನಳಿಗೆಯ ನಮ್ಮ ಕೋವಿ ಪಂಚೆಯೊಳಗೆ ಭದ್ರವಾಗಿ ಅವರ ಠಾಣೆಯಲ್ಲೇ ಮಲಗಿತ್ತು. ಈಗ ಮಾವನ ಹೊಗಳಿಕೆಯಿಂದ ನಮ್ಮ ಮನೆಯಲ್ಲಿ ಇಲ್ಲದ ಇನ್ನೊಂದು ಕೋವಿ ಹುಟ್ಟಿಕೊಂಡಿತು. ಹಿಂದಿನ ವಾರ ಹತ್ತಿರದ ತೋಟದಲ್ಲಿ ಯಾರೋ ಕಡವೆ ಹೊಡೆದಿದ್ದರು. ಹೊಡೆದವರು ಸಿಕ್ಕಿರಲಿಲ್ಲ, ಮೇಲಿನವರಿಂದ ಸಾಹೇಬರಿಗೆ ಒತ್ತಡವಿತ್ತು. ಅದೆಲ್ಲ ನನಗೆ ಗೊತ್ತಾದದ್ದು ಆಮೇಲೆ. ಆಗ ಕಂಡದ್ದು ಇಷ್ಟೇ: ದಫೇದಾರರು ಒಬ್ಬೊಬ್ಬರ ಹತ್ತಿರ ಹೋಗಿ, ಗುಂಡು ಕೇಳಿದ್ರಾ ಅನ್ನುತ್ತಿದ್ದರು. ಕೇಳಿದೆ ಅಂತ ಎಲ್ಲರೂ ಹೇಳುತ್ತಿದ್ದರು. ಬೇಲಿಯ ಹೊರಗೆ ನಿಂತಿದ್ದ ಲೈನ್ ಮನೆಯ ತಮಿಳು ಮುದುಕಿಯೂ, "ರೊಂಬ ಜೋರಾಗಿ," ಅಂದಳು. ಸತ್ತವನ ಅಂಗಳದಲ್ಲಿ ನಿಂತು, ನಿನಗೆ ಗುಂಡು ಕೇಳಿಸಿತಾ ಅಂದರೆ ಇಲ್ಲ ಅನ್ನುವ ಮನುಷ್ಯ ನಮ್ಮ ಕಡೆ ಹುಟ್ಟಿಲ್ಲ. ಕಡೆಗೆ ದಫೇದಾರರು ಬಾಗಿಲಲ್ಲಿ ಬಗ್ಗಿ ಅಜ್ಜಿಯನ್ನೂ ಕೇಳಿದರು.

"ಹೊಡ್ದೊ," ಅಂದರು ಅಜ್ಜಿ ಹೆಣದ ತಲೆಯ ಹತ್ತಿರ ಕೂತಲ್ಲಿಂದಲೇ. "ಎರಡು. ಅವ್ಕೆ ಸಲ್ಲೋ ಹಂಗೇ ಹೊಡ್ದೊ."

"ಸುಮ್ನೆ ಒಂದ್ಸಲ ಸ್ಟೇಷನ್ನಿಗೆ ಬಂದೋಗಿ," ಅಂದರು ಸಾಹೇಬರು ಚಿಕ್ಕಪ್ಪನಿಗೆ.

ಚಿಕ್ಕಪ್ಪ ಜೀಪು ಹತ್ತುವಾಗಲೂ ಚಪ್ಪಲಿ ಬಿಚ್ಚಬೇಕಾ ಅಂತ ಒಂದು ಕ್ಷಣ ಯೋಚಿಸಿದ್ದು ನನಗೆ ಕಂಡಿತು. ಜೀಪು ಗೇಟು ದಾಟಿದ ಮೇಲೆ ನಾನು ಪಿಕಪ್ ಹತ್ತಿ ಹಿಂದೆ ಹೋದೆ.

ಠಾಣೆಯ ಹೊರಗಿನ ಬೆಂಚಿನಲ್ಲಿ ಕೂತೆ. ಒಳಗೆ ಚಿಕ್ಕಪ್ಪನ ದನಿ ಕೇಳುತ್ತಿತ್ತು. "ಪಟಾಕಿ ಸಾರ್. ಆನೆ ಪಟಾಕಿ ಸಾರ್." ಸಾಹೇಬರ ದನಿ: "ಅಂಗಳದಲ್ಲಿ ಗುಂಡು, ಇಲ್ಲಿಗೆ ಬಂದ ಮೇಲೆ ಪಟಾಕಿಯಾ? ಡಬಲ್ ಬ್ಯಾರೆಲ್ ಎಲ್ಲಿಟ್ಟಿದ್ದೀಯಾ?" ಬಹುವಚನ ಏಕವಚನವಾಗಲು ಜೀಪಿನ ದಾರಿಯಷ್ಟೇ ಸಾಕಾಗಿತ್ತು.

ಆಗ ಒಂದು ಸದ್ದು ಬಂತು.

ಸದ್ದು ಗುರುತಿಸುವುದೇ ನನ್ನ ಹವ್ಯಾಸ. ಹಾರ್ನ್‌ಬಿಲ್ ರೆಕ್ಕೆ ಬಡಿಯುವುದಕ್ಕೂ ಹದ್ದು ಬಡಿಯುವುದಕ್ಕೂ ವ್ಯತ್ಯಾಸ ಹೇಳಬಲ್ಲೆ. ಇದು ಮಾತ್ರ ಏನು ಅಂತ ತಿಳಿಯಲಿಲ್ಲ. ಮೇಜಿನ ಮೇಲೆ ಫೈಲು ಬಿದ್ದಿರಬೇಕು ಅಂದುಕೊಂಡೆ. ಆಮೇಲೆ ಇನ್ನೊಂದು ಫೈಲು ಬಿತ್ತು. ಅದಾದ ಮೇಲೆ ಚಿಕ್ಕಪ್ಪ "ಸಾರ್" ಅಂದರು. ಅವರ ಎಲ್ಲ ಸಾರ್‌ಗಳನ್ನೂ ನಾನು ಬಲ್ಲೆ, ಎಲ್ಲವನ್ನೂ ಕುರ್ಚಿಯ ಮೇಲೆ ಮಾಡಿ ತೋರಿಸಿದ್ದೇನೆ. ಇದು ಅವುಗಳಲ್ಲಿ ಇರಲಿಲ್ಲ. ಎದ್ದು ಒಳಗೆ ಹೋಗಬೇಕು ಅನಿಸಿತು, ಬೆಂಚು ಬಿಟ್ಟು ಏಳಲಿಲ್ಲ. ಐವತ್ತು ದಾಟಿದ ಮನುಷ್ಯ, ಅಪ್ಪ ಸತ್ತ ದಿನ, ಎರಡು ಪಟಾಕಿಗಾಗಿ. ಹಗಲು ಹೊತ್ತು. ಎದುರಿನ ಹೋಟೆಲಿನಲ್ಲಿ ಜನ ಪರೋಟ ತಿನ್ನುತ್ತಿದ್ದರು.

ಬಾಗಿಲು ತೆರೆದಾಗ ಚಿಕ್ಕಪ್ಪ ನೆಲದ ಮೇಲೆ ಗೋಡೆಗೆ ಒರಗಿ ಕೂತದ್ದು ಕಂಡಿತು. ಒಂದು ಕಿವಿ ಕೆಂಪಗಿತ್ತು. ನನ್ನನ್ನು ನೋಡಿ ನಗಲು ನೋಡಿದರು. "ಎಂತ ಇಲ್ಲೆ ಮಗ, ಎಂತ ಇಲ್ಲೆ," ಅಂದರು.

ದಫೇದಾರರು ನನ್ನ ಮುಖವನ್ನೇ ನೋಡುತ್ತಿದ್ದವರು, "ಸಾರ್, ಇವನೇ ಕಣ್ ಸಾರ್ ಆ ಮಿಮಿಕ್ರಿ ಹುಡ್ಗ. ನಮ್ ಭಾವಮೈದನ ಮದ್ವೇಲಿ ಮಾಡಿದ್ನಲ್ಲ," ಅಂದರು. ಆ ಮದುವೆಯಲ್ಲಿ ನಾನು ಕೆಮ್ಮಿದ್ದೆ.

ಅದನ್ನು ದಫೇದಾರರು ಹೇಳಲಿಲ್ಲ, ಪುಣ್ಯಾತ್ಮರು. ಸಾಹೇಬರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು.

"ಹೌದಾ? ಕೋವಿ ಸದ್ದು ಬರುತ್ತಾ?"

"ಬರ್ತದೆ ಸಾರ್."

"ಮಾಡು ನೋಡೋಣ."

ಮಾಡಿದೆ. ಯಾಕೆ ಮಾಡಿದೆ ಅಂದರೆ, ವ್ಯತ್ಯಾಸ ತೋರಿಸಿದರೆ ಬಿಟ್ಟಾರು ಅಂತ ಒಂದು ಆಸೆ. ಕೋವಿಯ ಸದ್ದು ಹೊಟ್ಟೆಯಿಂದ ಎತ್ತಿ, ಕಡೆಗೆ ಗುಡ್ಡದ ಮರುನುಡಿಯನ್ನು ಮೂಗಿನಲ್ಲಿ ಎಳೆದೆ. ಆಮೇಲೆ ಪಟಾಕಿಯದು. ಅದಕ್ಕೆ ಬಾಲವಿಲ್ಲ, ಹಲ್ಲಿನ ಹಿಂದೆಯೇ ಸಿಡಿದು ಅಲ್ಲೇ ಸಾಯುತ್ತದೆ. ಠಾಣೆಯಲ್ಲಿದ್ದವರೆಲ್ಲ ಬಾಗಿಲಿಗೆ ಬಂದರು. ಯಾರೋ ನಕ್ಕರು. ಯಾರೋ, "ಇನ್ನೊಂದ್ಸಲ, ಇನ್ನೊಂದ್ಸಲ," ಅಂದರು. ಇನ್ನೊಂದು ಸಲ ಮಾಡಿದೆ. ಕಿವಿ ಕೆಂಪಾದ ಚಿಕ್ಕಪ್ಪ ಕೆಳಗೆ ಕೂತಿದ್ದಾರೆ, ನಾನು ಅವರ ಪಕ್ಕದಲ್ಲಿ ನಿಂತು ಬಾಯಲ್ಲಿ ಢಂ ಅನ್ನುತ್ತಿದ್ದೇನೆ, ಜನ ನಗುತ್ತಿದ್ದಾರೆ. ಎಂಥ ವೇದಿಕೆ ಸಿಕ್ಕಿತು ನನಗೆ!

ಸಾಹೇಬರೂ ನಕ್ಕರು. ಆಮೇಲೆ ಹೇಳಿದರು: "ಎರಡೂ ನಂಗೆ ಒಂದೇ ಥರ ಕೇಳಿಸ್ತಪ್ಪ. ನಿಮ್ಮೂರಿನವರ ಕಿವಿ ನಿಮಗೇ ಗೊತ್ತಿರ್ಬೇಕು. ಅವರೆಲ್ಲ ಗುಂಡು ಅಂತಿದ್ದಾರೆ."

ಅಷ್ಟರಲ್ಲಿ ವಕೀಲಮ್ಮ ಬಂದರು. ಸುಬೇದಾರ್ ಮಾವನ ಸೊಸೆ, ಮಡಿಕೇರಿ ಕೋರ್ಟಿನಲ್ಲಿ ವಕೀಲಿಕೆ ಮಾಡುವವರು. ಸಾವಿಗೆ ಅಂತ ಮಡಿಕೇರಿಯಿಂದ ಹೊರಟವರಿಗೆ ದಾರಿಯಲ್ಲಿ ಸುದ್ದಿ ಸಿಕ್ಕಿ ನೇರ ಠಾಣೆಗೇ ತಿರುಗಿದ್ದರು. ಸಾವಿನ ಮನೆಗೆ ಉಡುವ ಬಿಳಿ ಸೀರೆಯಲ್ಲೇ ಒಳಗೆ ಬಂದು, ಸಾಹೇಬರು ಕೂರಿ ಅನ್ನುವ ಮೊದಲೇ ಕೂತರು.

ಮೊದಲ ಪ್ರಶ್ನೆ ನನಗೆ. "ಅರೆಸ್ಟ್ ಅಂತ ಹೇಳಿ ಕರ್ಕೊಂಡು ಬಂದ್ರಾ?"

"ಇಲ್ಲಕ್ಕ. ಸುಮ್ನೆ ಬಂದೋಗಿ ಅಂದ್ರು."

"'ಸುಮ್ನೆ' ಅಂತ ಯಾವ ಸೆಕ್ಷನ್ನೂ ಇಲ್ಲ," ಅಂದರು ಸಾಹೇಬರ ಕಡೆ ತಿರುಗಿ. "ಇದು ಅರೆಸ್ಟಾ ಸರ್?"

"ಅರೆಸ್ಟ್ ಯಾಕೆ ಮೇಡಂ? ವಿಚಾರಣೆ ಅಷ್ಟೇ."

"ಹಾಗಾದ್ರೆ ಇವರು ಈಗ ಎದ್ದು ಮನೆಗೆ ಹೋಗಬಹುದು?"

"ಹೋಗಬಹುದು. ವಿಚಾರಣೆ ಮುಗಿದ ಮೇಲೆ."

"ಎದ್ದು ಹೋಗಲಿಕ್ಕೆ ಆಗೋದಿಲ್ಲ ಅಂದ್ರೆ ಅದು ಅರೆಸ್ಟೇ ಸರ್. ಕಾರಣ ಬರೆದು ಕೊಡಿ, ಮನೆಯವರಿಗೆ ತಿಳಿಸಿ, ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿ. ಅಲ್ಲಿ ಇವರ ಕಿವಿಯ ವಿಷಯ ನಾನು ಹೇಳ್ತೇನೆ."

ಸಾಹೇಬರು ಕೆಮ್ಮಿದರು. ಸಣ್ಣದು ಮಾತ್ರ.

"ಮೇಡಂ, ನಾನು ಊಹೆ ಮಾಡಿದ್ದಲ್ಲ. ಅವನೇ ಒಪ್ಕೊಂಡಿದ್ದಾನೆ. ನಿಮ್ಮ ಮಾವನೇ ಡಬಲ್ ಬ್ಯಾರೆಲ್ ಅಂದಿದ್ದಾರೆ. ಸತ್ತವರ ಹೆಂಡತಿ ಹೇಳಿದ್ದಾರೆ. ಚುನಾವಣೆ ಟೈಮು, ನಾನು ಬಿಟ್ಟು ಕಳಿಸಿದ್ರೆ ನಾಳೆ ನಂಗೆ ಯಾರು ವಕೀಲರು?"

ಅವರು ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ವಕೀಲಮ್ಮ ನನ್ನನ್ನು ಹೊರಗೆ ಕರೆದು, ಪಟಾಕಿಯ ವಿಷಯವನ್ನೂ ಅಂಗಳದ ಕೆಂಪು ಚೂರಿನ ವಿಷಯವನ್ನೂ ಕೇಳಿ ತಿಳಿದುಕೊಂಡರು. "ಪೊಲೀಸರ ಮುಂದೆ ಒಪ್ಕೊಂಡ ಮಾತು ಕೋರ್ಟಲ್ಲಿ ನಿಲ್ಲೋದಿಲ್ಲ. ಆದ್ರೆ ಕೋರ್ಟ್ ಮುಟ್ಟುವಾಗ ನಾಳೆ ಆಗ್ತದೆ. ಹೆಣ ಎಷ್ಟು ಹೊತ್ತಿಗೆ ಎತ್ತುದು?"

"ಹೊತ್ತು ಮುಳುಗೋ ಮೊದಲು."

"ಹಾಗಾದ್ರೆ ಗುಂಡು ಅಂದವರೇ ಬಂದು ಪಟಾಕಿ ಅನ್ನಬೇಕು. ನನ್ನ ಮಾವನಿಂದ ಶುರು ಮಾಡು. ಆ ಕಾಗದದ ಚೂರು ಸಿಕ್ಕಿದ್ರೆ ಅದನ್ನೂ ತಾ."

ಮನೆಗೆ ಬಂದರೆ ಕಾಗದದ ಚೂರುಗಳು ಇರಲಿಲ್ಲ. ಜನ ಕೂರಬೇಕು ಅಂತ ಚಿಕ್ಕಮ್ಮ ಅಂಗಳ ಗುಡಿಸಿಯಾಗಿತ್ತು. ಗೊಬ್ಬರದ ಗುಂಡಿಗೆ ಇಳಿದು ಕೆದಕಿ, ಒದ್ದೆಯಾದ ನಾಲ್ಕು ಕೆಂಪು ಚೂರು ಹೆಕ್ಕಿ ಜೇಬಿಗೆ ಹಾಕಿಕೊಂಡೆ. ಆಮೇಲೆ ಸುಬೇದಾರ್ ಮಾವನನ್ನು ಬಾಳೆಗಿಡದ ಹತ್ತಿರ ಕರೆದು ವಿಷಯ ಹೇಳಿದೆ. ಕೆಂಪಗಾದ ಕಿವಿಯದನ್ನೂ ಹೇಳಿದೆ. ಮಾವನ ಮೀಸೆ ಅದುರಿತು.

"ಹೊಡೆದರಾ? ಇವನಿಗಾ?" ಅವರಿಗೆ ಅರ್ಥವೇ ಆಗಲಿಲ್ಲ. ನಾನು ಎಷ್ಟು ಬೆಳೆದರೂ ಅವರಿಗೆ ಕುಂಞಿ, ಅಂದರೆ ಮಗು. "ಇವನಿಗೆ ಹೊಡೀಲಿಕ್ಕೆ ಎಂತ ಉಂಟು ಕುಂಞಿ?"

"ಮಾವ, ಅದು ಪಟಾಕಿ ಅಂತ ನಿಮಗೆ ಗೊತ್ತಾಗ್ಲಿಲ್ವಾ?"

ಅವರು ನನ್ನನ್ನು ನೋಡಿದ ರೀತಿಗೆ ನಾನು ಒಂದು ಹೆಜ್ಜೆ ಹಿಂದೆ ಸರಿದೆ. "ನನಗೆ ಗೊತ್ತಾಗೋದಿಲ್ವಾ? ಮೊದಲನೇದು ಸಿಡಿಯುವಾಗಲೇ ಗೊತ್ತಾಯ್ತು. ಇಲ್ಲಿ ಬಂದ ಎಲ್ಲರಿಗೂ ಗೊತ್ತು."

"ಮತ್ತೆ ಡಬಲ್ ಬ್ಯಾರೆಲ್ ಅಂದ್ರಲ್ಲ!"

"ಮತ್ತೆಂತ ಹೇಳೋದು? ನಿನ್ನ ಅಜ್ಜ ಒಳಗೆ ಮಲಗಿದ್ದಾನೆ. ಅವನು ಕೇಳುವ ಹಾಗೆ, ಅವನ ಸಾವಿಗೆ ಆನೆ ಪಟಾಕಿ ಹೊಡೆದ್ರು ಅಂತ ಹೇಳ್ಬೇಕಿತ್ತಾ?"

ಅಷ್ಟರಲ್ಲಿ ಸುತ್ತ ನಾಲ್ಕು ಜನ ಸೇರಿದ್ದರು. ಒಬ್ಬರು, ಹೆಣ ಎತ್ತಿದ ಮೇಲೆ ಹೋಗಿ ಹೇಳೋಣ ಅಂದರು. ಇನ್ನೊಬ್ಬರು, "ಮೊಮ್ಮಗ ಇದ್ದಾನಲ್ಲ, ಬೆಂಕಿ ಇವನೇ ಕೊಡ್ಲಿ," ಅಂತ ನನ್ನ ಕಡೆ ಕೈ ತೋರಿಸಿದರು. ಹೇಳಿಕೆ ಬದಲಾಯಿಸಿದರೆ ನಮ್ಮನ್ನೂ ಒಳಗೆ ಹಾಕುತ್ತಾರೆ ಅಂತ ಮತ್ತೊಬ್ಬರು. ಬೆಳಗ್ಗೆ ಹೊಳೆಯ ಆಚೆಗೂ ಕೇಳಿಸಿಕೊಂಡಿದ್ದವರು ಈಗ, ನನಗೆ ಕಿವಿ ಸ್ವಲ್ಪ ಮಂದ ಅನ್ನತೊಡಗಿದರು.

ಬಾಗಿಲಲ್ಲಿ ಅಜ್ಜಿ ನಿಂತಿದ್ದರು. ಎಷ್ಟು ಹೊತ್ತಿನಿಂದ ಅಂತ ಗೊತ್ತಿಲ್ಲ.

"ಮಗ ಬದ್ಕಿರ್ಕಾಕನ ಮೊಮ್ಮಗ ಎಂತಕೆ?" ಅಂದರು. ಮಗ ಬದುಕಿರುವಾಗ ಬೆಂಕಿ ಕೊಡಲು ಮೊಮ್ಮಗ ಯಾಕೆ ಅಂತ. ಆಮೇಲೆ ನನಗೆ: "ಗಾಡಿ ತಿರ್ಗ್ಸ್."

ಹೆಂಗಸರು ಒಟ್ಟಿಗೇ ಕೂಗಿಕೊಂಡರು. ಹೆಣ ಎತ್ತುವ ಮೊದಲು ಹೆಂಡತಿಯಾದವಳು ಹೊಸ್ತಿಲು ದಾಟಿ, ಅಂಗಳ ದಾಟಿ, ಗೇಟು ದಾಟಿ ಹೋಗುವುದೇ? ಎಂದಾದರೂ ಆದದ್ದುಂಟೇ? ಅಜ್ಜಿ ಒಳಗೆ ಹೋಗಿ ಅಜ್ಜನ ಹತ್ತಿರ ಬಗ್ಗಿ ಏನೋ ಹೇಳಿದರು. ಏನು ಹೇಳಿದರು ಅಂತ ಈವರೆಗೆ ಯಾರಿಗೂ ಗೊತ್ತಿಲ್ಲ. ಆಮೇಲೆ ಬಂದು ಗೊಬ್ಬರದ ವಾಸನೆಯ ನನ್ನ ಪಿಕಪ್ಪಿನ ಮುಂದಿನ ಸೀಟಿನಲ್ಲಿ ಕೂತರು. ಸುಬೇದಾರ್ ಮಾವ ಹಿಂದೆ ಹತ್ತಿದರು. ಅವರು ಹತ್ತಿದ್ದು ನೋಡಿ ಇನ್ನೂ ಕೆಲವರು ಹತ್ತಿದರು. ಕಿವಿ ಮಂದ ಅಂದವರು ಕೊನೆಗೆ ಹತ್ತಿದರು.

ಠಾಣೆಯಲ್ಲಿ ಅಜ್ಜಿಗೆ ಕುರ್ಚಿ ಕೊಟ್ಟರು. ಕೂರಲಿಲ್ಲ. ಕುತ್ತಿಗೆಯಲ್ಲಿ ಕರಿಮಣಿ ಇನ್ನೂ ಇತ್ತು, ಅದನ್ನು ತೆಗೆಯುವ ಶಾಸ್ತ್ರ ಆಗಿರಲಿಲ್ಲ. ಗೋಡೆಗೆ ಒರಗಿ ಕೂತ ಮಗನನ್ನು ಒಮ್ಮೆ ನೋಡಿದರು. ಚಿಕ್ಕಪ್ಪ ಕೆಂಪು ಕಿವಿಯ ಕಡೆಯ ಮುಖವನ್ನು ಗೋಡೆಗೆ ತಿರುಗಿಸಿಕೊಂಡರು. ಅಜ್ಜಿ ನೋಡಿಯಾಗಿತ್ತು.

"ಕೋವಿ ಅಲ್ಲ," ಅಂದರು ಸಾಹೇಬರಿಗೆ. "ನನ್ನ ಗಂಡಂಗೆ ಗುಂಡು ಹೊಡಿಲೆ. ಆನೆ ಪಟಾಕಿ."

ಆ ಮಾತು ಹೊರಬಂದಾಗ ನಮ್ಮ ಕಡೆಯವರೆಲ್ಲ ತಲೆ ತಗ್ಗಿಸಿದರು. ಪಟಾಕಿಯ ವಿಷಯ ಎಲ್ಲರಿಗೂ ಬೆಳಗ್ಗೆಯಿಂದ ಗೊತ್ತಿತ್ತು. ಅಜ್ಜಿಯ ಬಾಯಿಂದ ಅದನ್ನು ಕೇಳಬೇಕಾಗುತ್ತದೆ ಅಂತ ಯಾರೂ ಎಣಿಸಿರಲಿಲ್ಲ.

ಸಾಹೇಬರು ಮಾತ್ರ ತಗ್ಗಿಸಲಿಲ್ಲ. "ಅಜ್ಜಿ, ಬೆಳಗ್ಗೆ ನೀವೇ ಹೊಡೆದ್ರು ಅಂದ್ರಂತಲ್ಲ?"

"ಬೆಳಗ್ಗೆ ಹೇಳ್ದು ಅವ್ಕೆ. ಈಗ ಹೇಳ್ದು ನಿಮ್ಗೆ."

ಬಯಲುಸೀಮೆಯ ಸಾಹೇಬರಿಗೆ ನಮ್ಮ ಮನೆಮಾತಾದ ಅರೆಭಾಷೆ ತಿಳಿಯಲಿಲ್ಲವೋ, ತಿಳಿದೂ ಸುಮ್ಮನಿದ್ದರೋ. ದಫೇದಾರರು ಬಗ್ಗಿ ಮೆಲ್ಲಗೆ ಬಿಡಿಸಿ ಹೇಳಿದರು: "ಬೆಳಿಗ್ಗೆ ಹೇಳಿದ್ದು ಸತ್ತೋರಿಗಂತೆ ಸಾರ್."

ನಾನು ಜೇಬಿನಿಂದ ಗೊಬ್ಬರ ಮೆತ್ತಿದ ಚೂರುಗಳನ್ನು ಮೇಜಿನ ಮೇಲೆ ಇಟ್ಟೆ. ಸಾಹೇಬರು ಮೂಗು ಮುಚ್ಚಿಕೊಂಡು, "ಇದು ದೀಪಾವಳೀದಿರ್ಬೇಕು," ಅಂದರು. ಆಗ ಸುಬೇದಾರ್ ಮಾವ ಬೂಟಿಲ್ಲದ ಕಾಲನ್ನೇ ಜೋಡಿಸಿ ನೆಟ್ಟಗೆ ನಿಂತರು. ಸೈನ್ಯದಲ್ಲಿದ್ದ ತಾನು ಎಲ್ಲರ ಎದುರು ಸುಳ್ಳು ಹೊಗಳಿದೆ, ಡಬಲ್ ಬ್ಯಾರೆಲ್ಲೂ ಇಲ್ಲ ಸಿಂಗಲ್ ಬ್ಯಾರೆಲ್ಲೂ ಇಲ್ಲ, ಬರೆದುಕೊಳ್ಳಿ ಅಂದರು. ಅವರ ಹಿಂದೆ ಒಬ್ಬೊಬ್ಬರಾಗಿ ಪಟಾಕಿ, ಪಟಾಕಿ ಅಂದರು. ಅಜ್ಜನ ಮರ್ಯಾದೆಯನ್ನು ಊರವರೆಲ್ಲ ಸೇರಿ ಒಂದೊಂದೇ ಹಿಡಿ ಮಣ್ಣು ಹಾಕಿ ಮುಚ್ಚುತ್ತಿದ್ದ ಹಾಗೆ ಇತ್ತು. ವಕೀಲಮ್ಮ ಸಾಹೇಬರನ್ನೇ ನೋಡುತ್ತ ಕೂತಿದ್ದರು.

"ಸರಿ, ಕರ್ಕೊಂಡೋಗಿ," ಅಂದರು ಸಾಹೇಬರು ಕೊನೆಗೆ. "ಕರೆದಾಗ ಬರಬೇಕು."

ತಪ್ಪಾಯಿತು ಅಂತ ಯಾರೂ ಹೇಳಲಿಲ್ಲ. ಹೇಳಿದವರು ಒಬ್ಬರೇ. ಬಾಗಿಲು ದಾಟುವಾಗ ಚಿಕ್ಕಪ್ಪ ತಿರುಗಿ, "ತೊಂದ್ರೆ ಆಯ್ತು ಸಾರ್," ಅಂದರು.

ಹೊತ್ತು ಮುಳುಗುವ ಮೊದಲು ಅವರೇ ಬೆಂಕಿ ಕೊಟ್ಟರು. ಕಿವಿಯ ವಿಷಯ ಏನು ಮಾಡೋಣ, ದೂರು ಕೊಡೋಣವಾ ಅಂತ ವಕೀಲಮ್ಮ ಕರ್ಮಾಂತರ ಮುಗಿದ ಮೇಲೆ ಬಂದು ಕೇಳಿದರು. ಚಿಕ್ಕಪ್ಪ, "ಯಾವ ಕಿವಿ?" ಅಂದರು.

ಚುನಾವಣೆ ಮುಗಿಯಿತು. ಕೋವಿಗಳನ್ನು ತೆಗೆದುಕೊಂಡು ಹೋಗಿ ಅಂತ ಠಾಣೆಯಿಂದ ಫೋನು ಬಂತು. ಊರವರೆಲ್ಲ ಹೋಗಿ ತಂದರು. ನಮ್ಮ ಮನೆಯದನ್ನು ನಾನು ತಂದೆ, ಅದೇ ಪಂಚೆಯಲ್ಲಿ. ದಫೇದಾರರು, "ಏನಪ್ಪಾ, ಒಂದ್ಸಲ ಢಂ ಅನ್ಸು," ಅಂದರು. ಗಂಟಲು ಕೆಟ್ಟಿದೆ ಅಂದೆ. ಮದುವೆ ಮನೆಗಳಲ್ಲೂ ಢಂ ಕೇಳಿದರೆ ಈಗ ಅದನ್ನೇ ಹೇಳುತ್ತೇನೆ. ಗಂಟಲಿಗೆ ಕಂಡಕ್ಟರು ಬರುತ್ತಾರೆ, ರೈಟರು ಬರುತ್ತಾರೆ. ಚಿಕ್ಕಪ್ಪನ ಸಾರ್ ಮಾಡಲು ಹೋದರೆ ಆ ದಿನದ್ದೇ ಬಾಯಿಗೆ ಬರುತ್ತದೆ, ಹಾಗಾಗಿ ಅದನ್ನು ಬಿಟ್ಟಿದ್ದೇನೆ.

ಮಳೆ ಹಿಡಿಯುವ ಮೊದಲು ಸುಬೇದಾರ್ ಮಾವನ ಅಕ್ಕ ತೀರಿಕೊಂಡರು. ನಮಗೆ ತಿಳಿದದ್ದು ವಾಟ್ಸಾಪಿನಲ್ಲಿ. ಗುಂಡು ಯಾಕೆ ಕೇಳಲಿಲ್ಲ ಅಂತ ನಾನೂ ಚಿಕ್ಕಪ್ಪನೂ ಮುಖ ಮುಖ ನೋಡಿಕೊಳ್ಳುತ್ತಿರುವಾಗಲೇ ಮಾವ ನಮ್ಮ ಅಂಗಳಕ್ಕೆ ಬಂದರು. ಕೈಯಲ್ಲಿ ಅವರ ಕೋವಿ. ಡಬಲ್ ಬ್ಯಾರೆಲ್, ಎಣ್ಣೆ ಹಾಕಿ ಒರೆಸಿದ್ದು. ಕೋವಿ ಅವರದೇ, ಮನೆಯೂ ಅವರದೇ, ಸತ್ತದ್ದು ಒಡಹುಟ್ಟಿದ ಅಕ್ಕ. ಚುನಾವಣೆಯೂ ಇಲ್ಲ, ಆದೇಶವೂ ಇಲ್ಲ. ಅವರ ಮನೆಯ ಸಾವಿಗೆ ಎರಡು ಗುಂಡು ಹೊಡೆಯಲು ಅವರ ಅಜ್ಜನ ಕಾಲದಿಂದ ಯಾರೂ ಯಾರನ್ನೂ ಕೇಳಿದ್ದಿಲ್ಲ.

"ಕುಂಞಿ," ಅಂದರು. "ಸ್ಟೇಷನ್ನಿಗೆ ಒಂದು ಫೋನ್ ಮಾಡಿ ಕೇಳ್ತೀಯಾ? ಹೊಡೀಬಹುದಾ ಅಂತ."

"ಮಾವ, ಯಾಕೆ ಕೇಳ್ಬೇಕು? ನಿಮ್ಮ ಸೊಸೆನೇ ವಕೀಲರಲ್ವಾ?"

"ಕೇಳಬೇಕಾಗಿಲ್ಲ ಅಂತ ಅವಳೂ ಹೇಳಿದ್ಲು. ಆದ್ರೂ ಒಮ್ಮೆ ಕೇಳು."

ನಾನು ಚಿಕ್ಕಪ್ಪನ ಕಡೆ ನೋಡಿದೆ. ಅವರು ತಲೆಯಾಡಿಸಿದರು. ಕೇಳು ಮಗ, ಕೇಳಿ ಬಿಡು.

ಫೋನು ಎತ್ತಿದ್ದು ದಫೇದಾರರು. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, ನಾನು ಆಟ ಆಡುತ್ತಿಲ್ಲ ಅಂತ ಖಾತ್ರಿ ಮಾಡಿಕೊಂಡರು. "ಅದುಕ್ಕೆಲ್ಲ ಕೇಳೋದೇನೈತಪ್ಪ," ಅಂದರು ಮೊದಲು. ಆಮೇಲೆ ಅವರಿಗೇ ಅನುಮಾನ ಬಂತು. "ಇರು. ಸಾಹೇಬ್ರು ಊಟಕ್ಕೆ ಹೋಗವ್ರೆ. ಬಂದ್ಮೇಲೆ ಕೇಳಿ ಹೇಳ್ತೀನಿ."

ಚಿಕ್ಕಮ್ಮ ಕುರ್ಚಿ ತಂದು ಹಾಕಿದರು. ಸುಬೇದಾರ್ ಮಾವ ಕೋವಿಯನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಕೂತರು. ಚಿಕ್ಕಪ್ಪ ಪಕ್ಕದಲ್ಲಿ ನಿಂತರು. ನಾನು ಫೋನನ್ನು ಅಂಗೈಯಲ್ಲಿ ಹಿಡಿದುಕೊಂಡೆ. ಅಜ್ಜಿ ಬಾಗಿಲಿಗೆ ಬಂದು ನಮ್ಮ ಮೂವರನ್ನೂ ನೋಡಿ ಒಳಗೆ ಹೋದರು. ಸಾಹೇಬರು ಊಟ ಮುಗಿಸಲಿ ಅಂತ ನಾವು ಕಾಯುತ್ತಿದ್ದೆವು.